ವಿದ್ಯುತ್ ವಾಹನಗಳು ಮತ್ತು ಹಳ್ಳಿಯ ರಸ್ತೆ: ರಸ್ತೆಯ ಖರ್ಚಿಗೆ ಯಾರು ಎಷ್ಟು ಕೊಡಬೇಕು?

ಬೆಳೆದ ಬೆಳೆಗೆ ಬೆಲೆ ಸಿಗಬೇಕಾದರೆ ಅದು ಸಕಾಲದಲ್ಲಿ ಮಾರುಕಟ್ಟೆಯನ್ನು ಮುಟ್ಟಬೇಕು. ಮಾರುಕಟ್ಟೆಯನ್ನು ಮುಟ್ಟಬೇಕಾದರೆ ರಸ್ತೆ ಚೆನ್ನಾಗಿರಬೇಕು. ಹಾಲು, ಹೂವು, ಟೊಮ್ಯಾಟೊ, ರೇಷ್ಮೆಗೂಡು ಮೊದಲಾದವು ದಾರಿಯಲ್ಲಿ ತಡವಾದಷ್ಟೂ ಕೆಡುತ್ತವೆ. ಗುಂಡಿ ಬಿದ್ದ ರಸ್ತೆಯಲ್ಲಿ ಕುಲುಕಾಡಿದ ಟೊಮ್ಯಾಟೊ ಕ್ರೇಟಿಗೂ, ಸಮನಾದ ರಸ್ತೆಯಲ್ಲಿ ಬಂದ ಕ್ರೇಟಿಗೂ ಹರಾಜಿನಲ್ಲಿ ಎಷ್ಟು ವ್ಯತ್ಯಾಸವಾಗುತ್ತದೆಂಬುದನ್ನು ಬೆಳೆಗಾರರಿಗೆ ಬೇರೆಯವರು ಹೇಳಬೇಕಾಗಿಲ್ಲ. ಆದ್ದರಿಂದ ರಸ್ತೆಗೆ ಹಣ ಎಲ್ಲಿಂದ ಬರುತ್ತದೆ, ಮುಂದೆಯೂ ಬರುತ್ತದೆಯೇ ಎಂಬ ಪ್ರಶ್ನೆ ಸರ್ಕಾರಿ ಕಚೇರಿಗಳಿಗೆ ಮಾತ್ರ ಸೇರಿದ್ದಲ್ಲ. ಅದು ರೈತನ ಆದಾಯಕ್ಕೆ ಸಂಬಂಧಪಟ್ಟ ವಿಷಯ.

ಈ ಪ್ರಶ್ನೆ ಈಗ ಏಳಲು ಕಾರಣ ವಿದ್ಯುತ್ ವಾಹನಗಳು. ಬ್ಯಾಟರಿ ಸ್ಕೂಟರು ಹಳ್ಳಿಯವರೆಗೂ ಬಂದಿದೆ. ಪಟ್ಟಣಗಳಲ್ಲಿ ಬ್ಯಾಟರಿಯಿಂದ ಓಡುವ ಆಟೋ, ಸರಕು ಸಾಗಿಸುವ ಮೂರು ಚಕ್ರದ ಗಾಡಿ, ಕಾರು, ಬಸ್ಸುಗಳು ಸಾಮಾನ್ಯವಾಗಿವೆ. ಇವುಗಳಿಂದ ಹೊಗೆಯಿಲ್ಲ, ಸದ್ದು ಕಡಿಮೆ, ಕಿಲೋಮೀಟರಿಗೆ ತಗಲುವ ಖರ್ಚೂ ಕಡಿಮೆ. ಇವೆಲ್ಲ ಒಳ್ಳೆಯದೇ. ಆದರೆ ನಮ್ಮ ದೇಶದಲ್ಲಿ ರಸ್ತೆಗೆಂದು ತೆಗೆದಿರಿಸುವ ಹಣದ ಒಂದು ಮುಖ್ಯ ಭಾಗ ಪೆಟ್ರೋಲ್ ಬಂಕಿನಲ್ಲಿ ವಸೂಲಾಗುತ್ತದೆ. ಬಂಕಿಗೇ ಹೋಗದ ವಾಹನ ಆ ಹಣವನ್ನು ಕೊಡುವುದಿಲ್ಲ. ಹಾಗಾದರೆ ಅದರ ಪಾಲನ್ನು ಯಾವ ರೀತಿಯಲ್ಲಿ ಪಡೆಯಬೇಕು? ಈ ಲೇಖನದಲ್ಲಿ ಇದನ್ನು ರೈತರ ದೃಷ್ಟಿಯಿಂದ ಪರಿಶೀಲಿಸಲಾಗಿದೆ.

ರಸ್ತೆಯ ಹಣ ಬಂಕಿನಿಂದ ಬರತೊಡಗಿದ್ದು ಹೇಗೆ?

ಪೆಟ್ರೋಲಿನಿಂದ ರಸ್ತೆ ಎಂಬ ವಿಚಾರ ನಮ್ಮಲ್ಲಿ ಹೆಚ್ಚು ಕಡಿಮೆ ನೂರು ವರ್ಷ ಹಳೆಯದು. 1927ರಲ್ಲಿ ಅಂದಿನ ಸರ್ಕಾರ ಎಂ. ಆರ್. ಜಯಕರ್ ಅವರ ಅಧ್ಯಕ್ಷತೆಯಲ್ಲಿ ರಸ್ತೆ ಅಭಿವೃದ್ಧಿ ಸಮಿತಿಯೊಂದನ್ನು ನೇಮಿಸಿತು. ಮೋಟಾರು ವಾಹನಗಳು ಹೆಚ್ಚಿದಂತೆಲ್ಲ ಸ್ಥಳೀಯ ಸಂಸ್ಥೆಗಳಿಗೆ ರಸ್ತೆಗಳನ್ನು ಕಾಪಾಡುವುದು ಶಕ್ತಿಮೀರಿದ ಕೆಲಸವಾಗಿತ್ತು. ಮೋಟಾರು ಇಂಧನದ ಮೇಲೆ ಹೆಚ್ಚಿನ ಸುಂಕ ಹಾಕಿ, ಆ ಹಣವನ್ನು ರಸ್ತೆಗೇ ಮೀಸಲಿಡಬೇಕೆಂದು ಸಮಿತಿ ಸಲಹೆ ಮಾಡಿತು. ಅದರಂತೆ 1929ರಲ್ಲಿ ಒಂದು ಗ್ಯಾಲನ್ ಪೆಟ್ರೋಲಿನ ಮೇಲಿನ ಸುಂಕವನ್ನು ನಾಲ್ಕು ಆಣೆಯಿಂದ ಆರು ಆಣೆಗೆ ಏರಿಸಿ, ಹೆಚ್ಚಿನ ಎರಡು ಆಣೆಯಿಂದ ಕೇಂದ್ರ ರಸ್ತೆ ನಿಧಿಯನ್ನು ಆರಂಭಿಸಲಾಯಿತು. ಆ ಕಾಲಕ್ಕೆ ಇದು ನ್ಯಾಯವಾದ ಕ್ರಮವೇ ಆಗಿತ್ತು. ಹೆಚ್ಚು ಓಡಾಡಿದವನು ಹೆಚ್ಚು ಪೆಟ್ರೋಲ್ ಸುಡುತ್ತಿದ್ದ, ಹೆಚ್ಚು ಹಣ ಕೊಡುತ್ತಿದ್ದ.

2000ದಲ್ಲಿ ಕೇಂದ್ರ ರಸ್ತೆ ನಿಧಿ ಕಾಯಿದೆ ಜಾರಿಗೆ ಬಂದಿತು. ಇದರಲ್ಲಿ ಹಳ್ಳಿಗರಿಗೆ ಮುಖ್ಯವಾದ ಅಂಶವೊಂದಿತ್ತು: ಡೀಸೆಲ್ ಮೇಲೆ ವಸೂಲಾದ ರಸ್ತೆ ಕರದಲ್ಲಿ ಅರ್ಧದಷ್ಟು ಗ್ರಾಮೀಣ ರಸ್ತೆಗಳಿಗೆ ಮೀಸಲು. ಅದೇ ವರ್ಷದ ಡಿಸೆಂಬರ್ 25ರಂದು ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ ಆರಂಭವಾಯಿತು. ಬಯಲುಸೀಮೆಯಲ್ಲಿ 500 ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯುಳ್ಳ, ಗುಡ್ಡಗಾಡಿನಲ್ಲಿ 250 ಮತ್ತು ಹೆಚ್ಚು ಜನಸಂಖ್ಯೆಯುಳ್ಳ ಜನವಸತಿಗಳಿಗೆ ಸರ್ವಋತು ರಸ್ತೆ ಕೊಡುವುದು ಅದರ ಗುರಿಯಾಗಿತ್ತು. ನಮ್ಮ ರಾಜ್ಯವೂ ಮುಂದೆ ‘ನಮ್ಮ ಗ್ರಾಮ ನಮ್ಮ ರಸ್ತೆ’ ಎಂಬ ಯೋಜನೆಯನ್ನು ಕೈಗೊಂಡಿತು. ಎಷ್ಟೋ ಊರುಗಳಿಗೆ ಮೊದಲ ಸಲ ಡಾಂಬರು ಬಂದದ್ದು ಇಂಥ ಯೋಜನೆಗಳಿಂದ.

2018ರಲ್ಲಿ ಈ ನಿಧಿಯ ಹೆಸರು ‘ಕೇಂದ್ರ ರಸ್ತೆ ಮತ್ತು ಮೂಲಸೌಕರ್ಯ ನಿಧಿ’ ಎಂದಾಯಿತು. ರಸ್ತೆಯಲ್ಲದೆ ಇತರ ಮೂಲಸೌಕರ್ಯಗಳಿಗೂ ಅದರ ಹಣ ಹೋಗುವಂತಾಯಿತು. ಯಾವುದಕ್ಕೆ ಎಷ್ಟು ಎಂಬುದನ್ನು ಸಮಿತಿಯೊಂದು ತೀರ್ಮಾನಿಸುವ ಪದ್ಧತಿ ಬಂದಿತು. ಕರದ ದರವೂ ಏರಿಳಿಯುತ್ತಲೇ ಬಂದಿದೆ. 2018ರಲ್ಲಿ ಲೀಟರಿಗೆ 8 ರೂ. ಇದ್ದದ್ದು 2020ರ ಮೇ ತಿಂಗಳಲ್ಲಿ 18 ರೂ. ಆಯಿತು, 2022ರ ಮೇ ತಿಂಗಳ ಇಳಿಕೆಯ ನಂತರ ಪೆಟ್ರೋಲಿಗೆ 5 ರೂ., ಡೀಸೆಲ್ಲಿಗೆ 2 ರೂ. ಉಳಿಯಿತು. ಇದಲ್ಲದೆ ಬೇರೆ ಅಬಕಾರಿ ಸುಂಕಗಳು ಇವೆ. ಆಗ ಎಲ್ಲ ಕೇಂದ್ರ ಸುಂಕಗಳೂ ಸೇರಿ ಲೀಟರ್ ಪೆಟ್ರೋಲಿಗೆ 19 ರೂ. 90 ಪೈಸೆ, ಡೀಸೆಲ್ಲಿಗೆ 15 ರೂ. 80 ಪೈಸೆ ಆಗುತ್ತಿತ್ತು. ಇದರಲ್ಲಿ ಕೃಷಿ ಮೂಲಸೌಕರ್ಯ ಮತ್ತು ಅಭಿವೃದ್ಧಿ ಕರವೆಂದು ಪೆಟ್ರೋಲಿನಿಂದ ಎರಡೂವರೆ ರೂಪಾಯಿ, ಡೀಸೆಲ್ಲಿನಿಂದ ನಾಲ್ಕು ರೂಪಾಯಿ ಸೇರಿತ್ತು. ರಾಜ್ಯದ ಮಾರಾಟ ತೆರಿಗೆ ಬೇರೆ. ಅಂದರೆ ಇಂಧನದ ಬಳಕೆ ಕಡಿಮೆಯಾದರೆ ರಸ್ತೆಗೆ ಮಾತ್ರವಲ್ಲ, ಕೃಷಿಗೆಂದು ಎತ್ತುವ ಹಣಕ್ಕೂ ಹೊಡೆತ ಬೀಳುತ್ತದೆ.

ಹೊಲದಲ್ಲಿ ಸುಟ್ಟ ಡೀಸೆಲ್ಲಿನ ಲೆಕ್ಕ

ಇಲ್ಲೊಂದು ವಿಚಿತ್ರವನ್ನು ರೈತರು ಗಮನಿಸಬೇಕು. ಟ್ರ್ಯಾಕ್ಟರಿನಿಂದ ಹೊಲ ಉಳುವಾಗ, ರೋಟವೇಟರ್ ಹೊಡೆಯುವಾಗ, ಡೀಸೆಲ್ ಪಂಪಿನಿಂದ ನೀರೆತ್ತುವಾಗ ಸುಡುವ ಡೀಸೆಲ್ ರಸ್ತೆಯನ್ನು ಮುಟ್ಟುವುದೇ ಇಲ್ಲ. ಆದರೂ ಅದರ ಪ್ರತಿ ಲೀಟರಿಗೂ ರಸ್ತೆ ಕರ ಉಂಟು. ಹೆದ್ದಾರಿಯ ಲಾರಿಗೂ ನಮ್ಮ ನೇಗಿಲಿಗೂ ಬಂಕಿನಲ್ಲಿ ವ್ಯತ್ಯಾಸವಿಲ್ಲ.

ಒಂದು ಸರಳ ಲೆಕ್ಕ ನೋಡೋಣ. ಮೇಲೆ ಹೇಳಿದ 2022ರ ಮೇ ತಿಂಗಳ ದರಗಳನ್ನೇ ಇಟ್ಟುಕೊಳ್ಳೋಣ. ದರ ಬದಲಾದರೂ ಲೆಕ್ಕದ ಕ್ರಮ ಇದೇ.

1) ಒಬ್ಬ ರೈತನ ಟ್ರ್ಯಾಕ್ಟರ್ ವರ್ಷಕ್ಕೆ 75 ಗಂಟೆ ಹೊಲದಲ್ಲಿ ದುಡಿದು, ಗಂಟೆಗೆ 4 ಲೀಟರಿನಂತೆ 300 ಲೀಟರ್ ಡೀಸೆಲ್ ಸುಟ್ಟಿತೆನ್ನಿ. ಲೀಟರಿಗೆ 2 ರೂ. ನಂತೆ ಅವನು ಕೊಟ್ಟ ರಸ್ತೆ ಕರ 600 ರೂ. ಎಲ್ಲ ಕೇಂದ್ರ ಸುಂಕಗಳೂ ಸೇರಿದರೆ 4,740 ರೂ.

2) ಲೀಟರಿಗೆ 50 ಕಿ.ಮೀ. ಓಡುವ ಪೆಟ್ರೋಲ್ ಸ್ಕೂಟರು ವರ್ಷಕ್ಕೆ 6,000 ಕಿ.ಮೀ. ಓಡಿದರೆ 120 ಲೀಟರ್ ಪೆಟ್ರೋಲ್ ಬೇಕು. ಅದರ ರಸ್ತೆ ಕರವೂ 600 ರೂ.

3) ಲೀಟರಿಗೆ 15 ಕಿ.ಮೀ. ಓಡುವ ಪೆಟ್ರೋಲ್ ಕಾರು 10,000 ಕಿ.ಮೀ. ಓಡಿದರೆ ಸುಮಾರು 667 ಲೀಟರ್ ಬೇಕು. ರಸ್ತೆ ಕರ ಸುಮಾರು 3,300 ರೂ.; ಎಲ್ಲ ಕೇಂದ್ರ ಸುಂಕ ಸೇರಿ ಸುಮಾರು 13,300 ರೂ.

4) ಅಷ್ಟೇ ದೂರ ಓಡಿದ ಬ್ಯಾಟರಿ ಕಾರು ಬಂಕಿನ ಮೂಲಕ ಕೊಡುವ ರಸ್ತೆ ಕರ ಸೊನ್ನೆ.

ರಸ್ತೆಗೆ ಇಳಿಯದೆ ಹೊಲದಲ್ಲೇ ತಿರುಗಿದ ಟ್ರ್ಯಾಕ್ಟರು ಒಂದು ಸ್ಕೂಟರಿನಷ್ಟು ರಸ್ತೆ ಕರ ಕೊಡುತ್ತದೆ. ವರ್ಷವಿಡೀ ರಸ್ತೆಯಲ್ಲೇ ಓಡಿದ ಕಾರು ಕೊಡುವುದಿಲ್ಲ. ಮೊದಲು ಇಂಧನವನ್ನು ಅಳೆದರೆ ಓಡಾಟವನ್ನು ಅಳೆದಂತೆಯೇ ಆಗುತ್ತಿತ್ತು. ಈಗ ಆ ಅಳತೆಗೋಲು ಎರಡು ಕಡೆಗಳಲ್ಲಿ ತಪ್ಪಿದೆ: ಹೊಲದವನಿಂದ ಹೆಚ್ಚು ತೆಗೆದುಕೊಳ್ಳುತ್ತದೆ, ಬ್ಯಾಟರಿಯವನನ್ನು ಬಿಟ್ಟೇಬಿಡುತ್ತದೆ.

ಹಾಗೆಂದು ಬ್ಯಾಟರಿ ವಾಹನದವರು ಏನನ್ನೂ ಕೊಡುವುದಿಲ್ಲವೆಂದು ಹೇಳುವುದು ಸರಿಯಲ್ಲ. ಕೊಳ್ಳುವಾಗ ಜಿ.ಎಸ್.ಟಿ., ವಿದ್ಯುತ್ ಬಿಲ್ಲಿನಲ್ಲಿ ವಿದ್ಯುತ್ ತೆರಿಗೆ, ಹೆದ್ದಾರಿಯಲ್ಲಿ ಟೋಲ್ ಅವರಿಗೂ ಉಂಟು. ಆದರೆ ಟೋಲ್ ಆ ಹೆದ್ದಾರಿಗೆ ಸೇರುತ್ತದೆ. ಊರಿನಿಂದ ಹೆದ್ದಾರಿಗೆ ಕೂಡುವ ರಸ್ತೆಗೆ ಟೋಲ್ ಇಲ್ಲ. ಆ ರಸ್ತೆ ನಿಂತಿರುವುದು ಎಲ್ಲರೂ ಕೊಡುವ ತೆರಿಗೆಯ ಮೇಲೆಯೇ.

ವಿನಾಯಿತಿ ಕೊಟ್ಟಿದ್ದೇಕೆ?

ಹೊಸ ತಳಿಯ ಬೀಜ ಬಂದಾಗ ಮೊದಲ ವರ್ಷ ಮಿನಿಕಿಟ್ ಹಂಚಿ, ಸಹಾಯಧನ ಕೊಟ್ಟು ರೂಢಿ ಮಾಡಿಸುವುದುಂಟು. ತಳಿ ಊರಿದ ಮೇಲೆ ಸಹಾಯಧನ ನಿಲ್ಲುತ್ತದೆ. ವಿದ್ಯುತ್ ವಾಹನಗಳ ವಿಷಯದಲ್ಲೂ ಹೀಗೆಯೇ ಆಯಿತು. ಹೊರದೇಶದಿಂದ ತರಿಸುವ ಕಚ್ಚಾ ತೈಲದ ಖರ್ಚು ತಗ್ಗಿಸುವುದು, ನಗರಗಳ ಗಾಳಿಯನ್ನು ಶುಚಿಗೊಳಿಸುವುದು ಇದರ ಉದ್ದೇಶ. ಕೇಂದ್ರ ಸರ್ಕಾರ 2019ರ ಆಗಸ್ಟ್ 1ರಿಂದ ಈ ವಾಹನಗಳ ಜಿ.ಎಸ್.ಟಿ.ಯನ್ನು ಶೇ. 12ರಿಂದ ಶೇ. 5ಕ್ಕೆ ಇಳಿಸಿತು, 2021ರಲ್ಲಿ ನೋಂದಣಿ ಶುಲ್ಕವನ್ನೂ ಬಿಟ್ಟುಕೊಟ್ಟಿತು. ಕರ್ನಾಟಕವು 2016ರಲ್ಲಿ ಇವುಗಳಿಗೆ ಮೋಟಾರು ವಾಹನ ತೆರಿಗೆಯಿಂದ ವಿನಾಯಿತಿ ನೀಡಿತು. 2017ರಲ್ಲಿ ವಿದ್ಯುತ್ ವಾಹನಗಳಿಗಾಗಿಯೇ ಒಂದು ನೀತಿಯನ್ನು ಪ್ರಕಟಿಸಿತು.

2024ರಲ್ಲಿ ರಾಜ್ಯದ ಮೋಟಾರು ವಾಹನ ತೆರಿಗೆ ಕಾಯಿದೆಗೆ ತಿದ್ದುಪಡಿ ಮಾಡಿ, 25 ಲಕ್ಷ ರೂಪಾಯಿಗಿಂತ ಹೆಚ್ಚು ಬೆಲೆಯ ವಿದ್ಯುತ್ ಕಾರುಗಳಿಗೆ ಬೆಲೆಯ ಶೇ. 10ರಷ್ಟು ಜೀವಿತಾವಧಿ ತೆರಿಗೆಯನ್ನು ಗೊತ್ತುಪಡಿಸಲಾಯಿತು. ಸಂಪೂರ್ಣ ವಿನಾಯಿತಿ ಕೊನೆಯವರೆಗೂ ಉಳಿಯಲಾರದೆಂಬುದಕ್ಕೆ ಇದೇ ಸೂಚನೆ. ವಾಹನ ಹತ್ತಾರು ಇದ್ದಾಗ ಬಿಟ್ಟುಕೊಟ್ಟ ತೆರಿಗೆ ಲೆಕ್ಕಕ್ಕೆ ಬರುವುದಿಲ್ಲ. ಲಕ್ಷಗಟ್ಟಲೆ ಆದಾಗ ಬರುತ್ತದೆ. ಕೆರೆಯ ತೂಬು ಸರಿಪಡಿಸಲು ಅಚ್ಚುಕಟ್ಟಿನ ಒಂದೆರಡು ಮನೆ ಬಾರದಿದ್ದರೆ ಕೆಲಸ ನಿಲ್ಲದು. ಅರ್ಧ ಊರು ಬಾರದಿದ್ದರೆ ಕೆರೆಯೇ ಉಳಿಯದು.

ರಸ್ತೆ ಸವೆಯುವುದು ಯಾವುದರಿಂದ?

ಯಾರು ಎಷ್ಟು ಕೊಡಬೇಕೆಂದು ಹೇಳುವ ಮೊದಲು ರಸ್ತೆ ಹೇಗೆ ಹಾಳಾಗುತ್ತದೆಂದು ತಿಳಿಯಬೇಕು. ಅಮೆರಿಕದ ಇಲಿನಾಯ್ ಸಂಸ್ಥಾನದ ಒಟ್ಟಾವ ಪಟ್ಟಣದ ಬಳಿ 1958ರಿಂದ 1960ರವರೆಗೆ ದೊಡ್ಡ ಪ್ರಯೋಗವೊಂದು ನಡೆಯಿತು. ಬೇರೆ ಬೇರೆ ದಪ್ಪದ ರಸ್ತೆ ತುಂಡುಗಳನ್ನು ಕಟ್ಟಿ, ಗೊತ್ತಾದ ಭಾರದ ಲಾರಿಗಳನ್ನು ಅವುಗಳ ಮೇಲೆ ಹಗಲೂ ರಾತ್ರಿ ಓಡಿಸಿ ಸವೆತವನ್ನು ಅಳೆಯಲಾಯಿತು. ಅದರಿಂದ ತಿಳಿದುಬಂದದ್ದೇನೆಂದರೆ, ಹಾನಿಯನ್ನು ನಿರ್ಧರಿಸುವುದು ವಾಹನದ ಒಟ್ಟು ತೂಕಕ್ಕಿಂತ ಹೆಚ್ಚಾಗಿ ಒಂದೊಂದು ಆಕ್ಸಲ್, ಅಂದರೆ ಗಾಡಿಯ ಅಚ್ಚಿನ ಮೇಲೆ ಬೀಳುವ ಭಾರ. ಅಚ್ಚಿನ ಭಾರ ಎರಡು ಪಟ್ಟಾದರೆ ಹಾನಿ ಎರಡು ಪಟ್ಟಲ್ಲ, ಸುಮಾರು ಹದಿನಾರು ಪಟ್ಟು. ಅಚ್ಚಿಗೆ ಕಾಲು ಭಾಗ ಹೆಚ್ಚು ಹೇರಿದರೂ ಹಾನಿ ಸುಮಾರು ಎರಡೂವರೆ ಪಟ್ಟಾಗುತ್ತದೆ.

ಒಂದು ಸಣ್ಣ ಕಾರಿನ ಅಚ್ಚಿನ ಮೇಲೆ ಮುಕ್ಕಾಲು ಟನ್ ಭಾರವಿದ್ದು, ಲಾರಿಯ ಹಿಂದಿನ ಅಚ್ಚಿನ ಮೇಲೆ 9 ಟನ್ ಭಾರವಿದ್ದರೆ, ಭಾರದ ವ್ಯತ್ಯಾಸ ಹನ್ನೆರಡು ಪಟ್ಟು. ಹಾನಿಯ ವ್ಯತ್ಯಾಸ ಸುಮಾರು ಇಪ್ಪತ್ತು ಸಾವಿರ ಪಟ್ಟು. ಬ್ಯಾಟರಿಯ ತೂಕದಿಂದಾಗಿ ವಿದ್ಯುತ್ ಕಾರು ಅದೇ ಗಾತ್ರದ ಪೆಟ್ರೋಲ್ ಕಾರಿಗಿಂತ ಹೆಚ್ಚು ಭಾರವಿರುವುದು ನಿಜ. ಆದರೆ ರಸ್ತೆಯನ್ನು ಒಡೆಯುವುದು ಅದಲ್ಲ. ನಾಳೆ ಲಾರಿ, ಬಸ್ಸುಗಳೂ ಬ್ಯಾಟರಿಗೆ ಬಂದಾಗ, ಅವುಗಳ ಪಾಲು ಯಾವ ಲೆಕ್ಕದಲ್ಲಿ ಬರುತ್ತದೆಂಬುದೇ ದೊಡ್ಡ ಪ್ರಶ್ನೆಯಾಗುತ್ತದೆ.

ಇನ್ನೊಂದು ಮಾತನ್ನೂ ಮರೆಯಬಾರದು. ಭಾರದಿಂದ ಮಾತ್ರ ರಸ್ತೆ ಕೆಡುವುದಿಲ್ಲ. ಚರಂಡಿಯಿಲ್ಲದೆ ಮಳೆನೀರು ನಿಂತರೂ ಡಾಂಬರು ಏಳುತ್ತದೆ. ಸೇತುವೆ, ಮೋರಿ, ಅಂಚಿನ ಮಣ್ಣು, ದೀಪ, ಫಲಕ ಇವುಗಳ ಖರ್ಚು ಸ್ಕೂಟರು ಓಡಿದರೂ ಇದೆ, ಲಾರಿ ಓಡಿದರೂ ಇದೆ. ಆದ್ದರಿಂದ ರಸ್ತೆ ಬಳಸುವವರೆಲ್ಲರೂ ಒಂದಿಷ್ಟು ಕೊಡಬೇಕು. ಭಾರ ಹೊರುವವರು ಹೆಚ್ಚು ಕೊಡಬೇಕು. ಇದು ಹಳೆಯ ಕಾಲದ ನಮ್ಮ ಕೆರೆ ಅಚ್ಚುಕಟ್ಟಿನ ಪದ್ಧತಿಯೇ. ನೀರಗಂಟಿಗೆ ಎಲ್ಲರೂ ಆಯ ಕೊಡುತ್ತಿದ್ದರು. ಹೆಚ್ಚು ಗದ್ದೆಯುಳ್ಳವರು ಹೆಚ್ಚು ಕೊಡುತ್ತಿದ್ದರು.

ಇತರ ದೇಶಗಳ ಅನುಭವ

ಈ ಸಮಸ್ಯೆಯನ್ನು ನಮಗಿಂತ ಮೊದಲು ಎದುರಿಸಿದ ಕೆಲವು ದೇಶಗಳಿವೆ. ಅವುಗಳಲ್ಲಿ ನ್ಯೂಜಿಲೆಂಡಿನ ಅನುಭವ ರೈತರಿಗೆ ವಿಶೇಷವಾಗಿ ಉಪಯುಕ್ತ. ಅಲ್ಲಿ ಡೀಸೆಲ್ಲಿನ ಗಣನೀಯ ಭಾಗ ಹೊಲ, ಕಾಡು, ದೋಣಿಗಳಲ್ಲಿ ಬಳಕೆಯಾಗುತ್ತದೆ. ಆ ಡೀಸೆಲ್ಲಿನಿಂದ ರಸ್ತೆಗೆ ಹಣ ಪಡೆಯುವುದು ನ್ಯಾಯವಲ್ಲವೆಂದು, 1977ರ ಕಾಯಿದೆಯ ಮೂಲಕ ಬೇರೊಂದು ಕ್ರಮವನ್ನು ತರಲಾಯಿತು. ಡೀಸೆಲ್ ವಾಹನದವನು ರಸ್ತೆಯ ಹಣವನ್ನು ಬಂಕಿನಲ್ಲಿ ಕೊಡುವುದಿಲ್ಲ. ಓಡುವ ದೂರಕ್ಕೆ ತಕ್ಕಂತೆ 1,000 ಕಿ.ಮೀ. ಲೆಕ್ಕದಲ್ಲಿ ಪರವಾನಗಿ ಕೊಳ್ಳುತ್ತಾನೆ. ಭಾರದ ವಾಹನಗಳಿಗೆ ತೂಕ ಮತ್ತು ಅಚ್ಚುಗಳನ್ನು ನೋಡಿ ದರ ನಿಗದಿಯಾಗುತ್ತದೆ. 2024ರ ಏಪ್ರಿಲ್ 1ರಿಂದ ಬ್ಯಾಟರಿ ಕಾರುಗಳನ್ನೂ ಇದಕ್ಕೆ ಸೇರಿಸಿ 1,000 ಕಿ.ಮೀ.ಗೆ 76 ನ್ಯೂಜಿಲೆಂಡ್ ಡಾಲರ್ ಎಂದು ಗೊತ್ತುಮಾಡಲಾಯಿತು.

ಅಲ್ಲಿ ಎರಡು ತೊಡಕುಗಳೂ ಕಂಡುಬಂದವು. ಮೊದಲನೆಯದು, ಸಣ್ಣ ಬ್ಯಾಟರಿ ಕಾರಿಗೂ ಮೂರು ಟನ್ನಿನ ಡೀಸೆಲ್ ಗಾಡಿಗೂ ಒಂದೇ ದರವಿದ್ದುದರಿಂದ ಸಣ್ಣವರಿಗೆ ಹೊರೆ ಹೆಚ್ಚಾಯಿತು. ಎರಡನೆಯದು, 2023ರ ಕೊನೆಗೆ ಸಹಾಯಧನ ನಿಂತು, ಕೆಲವೇ ತಿಂಗಳಲ್ಲಿ ಶುಲ್ಕವೂ ಬಂದದ್ದರಿಂದ ಆ ಕಾಲದಲ್ಲಿ ಬ್ಯಾಟರಿ ಕಾರುಗಳ ಮಾರಾಟ ತೀವ್ರವಾಗಿ ಇಳಿಯಿತು. ಎರಡನ್ನೂ ಒಟ್ಟಿಗೆ ಮಾಡಬಾರದೆಂಬುದು ಇದರಿಂದ ಕಲಿಯಬೇಕಾದ ಪಾಠ.

ಐಸ್‌ಲೆಂಡ್ ದೇಶ 2024ರ ಜನವರಿ 1ರಿಂದ ಬ್ಯಾಟರಿ ಕಾರುಗಳಿಗೆ ಕಿಲೋಮೀಟರಿಗೆ 6 ಕ್ರೋನರ್ ಶುಲ್ಕ ಹಾಕಿತು. ಮಾಲೀಕನೇ ಮೀಟರ್ ನೋಡಿ ಓದಿದ ಅಂಕಿಯನ್ನು ತಿಳಿಸಬೇಕು. ಅಮೆರಿಕದಲ್ಲಿ 1919ರಲ್ಲಿ ಮೊದಲ ಬಾರಿಗೆ ಪೆಟ್ರೋಲ್ ತೆರಿಗೆ ಹಾಕಿದ ಆರೆಗಾನ್ ಸಂಸ್ಥಾನವೇ 2015ರಲ್ಲಿ ಮೈಲಿ ಲೆಕ್ಕದ ಶುಲ್ಕವನ್ನು, ಒಪ್ಪಿದವರಿಗೆ ಮಾತ್ರ ಅನ್ವಯಿಸುವಂತೆ, ಆರಂಭಿಸಿತು. ಟೆಕ್ಸಾಸ್ ಸಂಸ್ಥಾನ 2023ರಿಂದ ಸುಲಭದ ದಾರಿ ಹಿಡಿದು, ಹೊಸ ಬ್ಯಾಟರಿ ಕಾರಿನ ನೋಂದಣಿಗೆ 400 ಡಾಲರ್, ನಂತರ ವರ್ಷಕ್ಕೆ 200 ಡಾಲರ್ ಎಂದು ನಿಗದಿ ಮಾಡಿತು. ಬ್ರಿಟನ್ನಿನಲ್ಲಿ 2028ರ ಏಪ್ರಿಲ್‌ನಿಂದ ಮೈಲಿಗೆ 3 ಪೆನ್ಸ್ ಪಡೆಯುವುದಾಗಿ 2025ರ ನವೆಂಬರ್‌ನಲ್ಲಿ ಸರ್ಕಾರ ಪ್ರಕಟಿಸಿತು.

ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯದ ಕಥೆ ಬೇರೆ. 2021ರಲ್ಲಿ ಅದು ಕಿಲೋಮೀಟರಿಗೆ ಎರಡೂವರೆ ಸೆಂಟ್ ಶುಲ್ಕ ಹಾಕಿತು. ಅಂಥ ತೆರಿಗೆ ಹಾಕುವ ಅಧಿಕಾರ ಕೇಂದ್ರಕ್ಕೆ ಮಾತ್ರ ಇದೆಯೆಂದು ಅಲ್ಲಿನ ಹೈಕೋರ್ಟು 2023ರ ಅಕ್ಟೋಬರ್‌ನಲ್ಲಿ ತೀರ್ಪಿತ್ತು ಅದನ್ನು ರದ್ದುಪಡಿಸಿತು. ನಮ್ಮ ಸಂವಿಧಾನದಲ್ಲಿ ಇದು ಹೆಚ್ಚು ಸ್ಪಷ್ಟ. ರಸ್ತೆಯಲ್ಲಿ ಓಡುವ ವಾಹನಗಳ ಮೇಲಿನ ತೆರಿಗೆ ರಾಜ್ಯ ಪಟ್ಟಿಯಲ್ಲಿದೆ. ಅದರ ತತ್ವಗಳನ್ನು ಕೇಂದ್ರವೂ ಗೊತ್ತುಪಡಿಸಬಹುದು. ಪೆಟ್ರೋಲ್, ಡೀಸೆಲ್ ಮೇಲಿನ ಅಬಕಾರಿ ಸುಂಕ ಕೇಂದ್ರದ್ದು. ಆದ್ದರಿಂದ ಬಂಕಿನ ಹಣ ಕಡಿಮೆಯಾದಾಗ ಕಳೆದುಕೊಳ್ಳುವುದು ಮುಖ್ಯವಾಗಿ ಕೇಂದ್ರ. ವಾಹನದ ಮೇಲೆ ಹೊಸದಾಗಿ ಹಾಕಬಲ್ಲದ್ದು ಮುಖ್ಯವಾಗಿ ರಾಜ್ಯ. ಇಬ್ಬರೂ ಕೂಡಿ ಕುಳಿತು ತೀರ್ಮಾನಿಸದಿದ್ದರೆ ಹಳ್ಳಿಯ ರಸ್ತೆ ನಡುವೆ ಸಿಕ್ಕಿಕೊಳ್ಳುತ್ತದೆ.

ನಾಲ್ಕು ದಾರಿಗಳು, ಅವುಗಳ ಗುಣದೋಷಗಳು

1) ಕೊಳ್ಳುವಾಗ ಒಮ್ಮೆ ತೆರಿಗೆ: ವಸೂಲಿ ಸುಲಭ, ತಪ್ಪಿಸಿಕೊಳ್ಳಲಾಗದು. ಆದರೆ ವಾರಕ್ಕೊಮ್ಮೆ ಸಂತೆಗೆ ಹೋಗುವವನೂ, ದಿನಕ್ಕೆ 100 ಕಿ.ಮೀ. ಓಡಾಡುವವನೂ ಒಂದೇ ಸಮ ಕೊಡಬೇಕಾಗುತ್ತದೆ. ಹಣ ಒಮ್ಮೆಲೇ ಬೇಕಾಗುವುದರಿಂದ ಸಣ್ಣ ಹಿಡುವಳಿದಾರನಿಗೆ ಕಷ್ಟ.

2) ವರ್ಷಕ್ಕೊಮ್ಮೆ ನಿಗದಿತ ಶುಲ್ಕ: ಹೊರೆ ಹಂಚಿಹೋಗುತ್ತದೆ. ಆದರೆ ಕಡಿಮೆ ಓಡುವವನಿಗೆ ನಷ್ಟವೆಂಬ ದೋಷ ಇದರಲ್ಲೂ ಉಳಿಯುತ್ತದೆ.

3) ಚಾರ್ಜ್ ಮಾಡುವ ವಿದ್ಯುತ್ತಿನ ಮೇಲೆ ಕರ: ನೋಡಲು ಪೆಟ್ರೋಲ್ ತೆರಿಗೆಯಂತೆಯೇ ಕಾಣುತ್ತದೆ. ಆದರೆ ಸ್ಕೂಟರು ಚಾರ್ಜ್ ಆಗುವುದು ಮನೆಯ ಪ್ಲಗ್ಗಿನಲ್ಲಿ. ದೀಪಕ್ಕೆ ಹೋದ ಯೂನಿಟ್ ಯಾವುದು, ಸ್ಕೂಟರಿಗೆ ಹೋದದ್ದು ಯಾವುದು ಎಂದು ಮೀಟರಿಗೆ ತಿಳಿಯದು. 2023ರಿಂದ ಗೃಹಜ್ಯೋತಿಯಡಿ ಬಿಲ್ಲೇ ಬಾರದ ಮನೆಗಳೂ ಅನೇಕ. ಹೀಗಾಗಿ ಈ ಕರ ಬೀಳುವುದು ಮನೆಯಲ್ಲಿ ಸೌಕರ್ಯವಿಲ್ಲದೆ ಸಾರ್ವಜನಿಕ ಕೇಂದ್ರದಲ್ಲಿ ಚಾರ್ಜ್ ಮಾಡುವ ಆಟೋದವನ ಮೇಲೆ.

4) ತೂಕ ಮತ್ತು ದೂರದ ಮೇಲೆ ಶುಲ್ಕ: ಯಾವ ಇಂಧನವಾದರೂ ಸರಿಯೇ, ರಸ್ತೆಯ ಬಳಕೆಯನ್ನೇ ಇದು ಅಳೆಯುತ್ತದೆ. ಮೀಟರ್ ಓದುವ, ಮೋಸ ತಡೆಯುವ ವ್ಯವಸ್ಥೆ ಬೇಕು ಎಂಬುದೇ ಇದರ ತೊಡಕು.

ನಮಗೆ ಒಪ್ಪುವ ಕ್ರಮ

ಮೇಲಿನ ನಾಲ್ಕರಲ್ಲಿ ಕೊನೆಯದೇ ರೈತನಿಗೂ ರಸ್ತೆಗೂ ಒಳಿತು. ಅದನ್ನು ಹಂತಹಂತವಾಗಿ ತರುವುದು ಸಾಧ್ಯ.

ಮೊದಲು ಭಾರದ ವಾಹನಗಳಿಂದ ಆರಂಭಿಸಬೇಕು. ಬಸ್ಸು, ಲಾರಿ ಮೊದಲಾದ ಸಾರಿಗೆ ವಾಹನಗಳು ಅರ್ಹತಾ ಪತ್ರಕ್ಕಾಗಿ ಹೇಗೂ ತಪಾಸಣೆಗೆ ಬರುತ್ತವೆ. ಆಗಲೇ ಓಡಿದ ಕಿಲೋಮೀಟರನ್ನು ಬರೆದುಕೊಂಡು, ಅಚ್ಚಿನ ಭಾರಕ್ಕೆ ತಕ್ಕ ದರ ಹಾಕಬಹುದು. ಎರಡನೆಯ ಹಂತದಲ್ಲಿ ಕಾರುಗಳು. ವರ್ಷವರ್ಷವೂ ವಿಮೆ ಮಾಡಿಸುವಾಗ ಮೀಟರಿನ ಅಂಕಿಯನ್ನು ದಾಖಲಿಸಿದರೆ ಸಾಕು. ವಾಹನ ಎಲ್ಲೆಲ್ಲಿ ಹೋಯಿತೆಂದು ಉಪಗ್ರಹದಿಂದ ಹಿಂಬಾಲಿಸಬೇಕಾದ ಅವಶ್ಯಕತೆಯಿಲ್ಲ. ಸ್ಕೂಟರುಗಳನ್ನು ಕೊನೆಗೆ ಸೇರಿಸಬೇಕು. ಅಥವಾ ವರ್ಷಕ್ಕೊಂದು ಚಿಕ್ಕ ಮೊತ್ತದಲ್ಲಿ ಮುಗಿಸಬೇಕು. ಲೀಟರಿಗೆ 50 ಕಿ.ಮೀ. ಓಡುವ ಪೆಟ್ರೋಲ್ ಸ್ಕೂಟರು ಮೇಲಿನ ಲೆಕ್ಕದಂತೆ ಕಿಲೋಮೀಟರಿಗೆ 10 ಪೈಸೆ ರಸ್ತೆ ಕರ ಕೊಡುತ್ತಿತ್ತು. ಬ್ಯಾಟರಿ ಸ್ಕೂಟರಿನಿಂದ ಅದಕ್ಕಿಂತ ಹೆಚ್ಚು ಕೇಳುವುದು ನ್ಯಾಯವಲ್ಲ.

ಹೊಲದಲ್ಲಿ ದುಡಿಯುವ ಯಂತ್ರಗಳನ್ನು ಇದರಿಂದ ಪೂರ್ತಿ ಹೊರಗಿಡಬೇಕು. ಬ್ಯಾಟರಿ ಟ್ರ್ಯಾಕ್ಟರುಗಳೂ ನಮ್ಮಲ್ಲಿ ತಯಾರಾಗುತ್ತಿವೆ. ಅವು ಉಳುವ ಕಿಲೋಮೀಟರುಗಳು ರಸ್ತೆಯ ಕಿಲೋಮೀಟರುಗಳಲ್ಲ. ಡೀಸೆಲ್ ಟ್ರ್ಯಾಕ್ಟರಿನವರಿಗೆ ಹೊಲದ ಡೀಸೆಲ್ಲಿನ ರಸ್ತೆ ಕರವನ್ನು ಹಿಂದಿರುಗಿಸುವ ದಾರಿಯೂ ಇದೆ. ಕರ್ನಾಟಕದ 2022-23ನೇ ಸಾಲಿನ ಆಯವ್ಯಯದಲ್ಲಿ ಪ್ರಕಟವಾದ ‘ರೈತ ಶಕ್ತಿ’ ಯೋಜನೆಯಲ್ಲಿ ಎಕರೆಗೆ 250 ರೂ. ನಂತೆ, ಗರಿಷ್ಠ 5 ಎಕರೆಗೆ ಡೀಸೆಲ್ ಸಹಾಯಧನವನ್ನು ರೈತರ ಖಾತೆಗೆ ನೇರವಾಗಿ ಕೊಡುವ ಕ್ರಮವಿತ್ತು. ಬಂಕಿನಲ್ಲಿ ಎರಡು ಬೆಲೆ ಇಟ್ಟು ಕಳ್ಳಸಂತೆಗೆ ಎಡೆಮಾಡುವ ಬದಲು, ಜಮೀನಿನ ದಾಖಲೆಯ ಆಧಾರದ ಮೇಲೆ ಹೀಗೆ ಕೊಡಬಹುದೆಂಬುದಕ್ಕೆ ಇದೇ ಉದಾಹರಣೆ.

ನ್ಯಾಯವೆಂದರೆ ಎರಡೂ ಕಡೆಯ ನ್ಯಾಯ. ಹೊಲದೊಳಗೆ ಉಳುವುದು ಬೇರೆ, ಟ್ರೈಲರುಗಳನ್ನು ಕಟ್ಟಿ ಮಂಡ್ಯದಲ್ಲೋ ಬೆಳಗಾವಿಯಲ್ಲೋ ಕಾರ್ಖಾನೆಗೆ ಕಬ್ಬು ಸಾಗಿಸುವುದು ಬೇರೆ. ಕಬ್ಬಿನ ಹಂಗಾಮಿನಲ್ಲಿ ಮಿತಿಮೀರಿ ಹೇರಿದ ಟ್ರೈಲರುಗಳಿಂದ ಹಳ್ಳಿಯ ತೆಳು ರಸ್ತೆಗಳು ಎಷ್ಟು ಬೇಗ ಕಿತ್ತುಹೋಗುತ್ತವೆಂಬುದನ್ನು ನಾವೆಲ್ಲರೂ ಬಲ್ಲೆವು. ಹೊಲದ ಡೀಸೆಲ್ಲಿಗೆ ವಿನಾಯಿತಿ ಕೇಳುವ ನಾವು, ರಸ್ತೆಯ ಮೇಲಿನ ನಮ್ಮ ಭಾರಕ್ಕೆ ನಮ್ಮ ಪಾಲನ್ನು ಕೊಡಲು ಸಿದ್ಧರಿರಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಬಂದ ಹಣ ಎಲ್ಲಿಗೆ ಹೋಗಬೇಕೆಂಬುದು. 2000ದ ಕಾಯಿದೆ ಡೀಸೆಲ್ ಕರದ ಅರ್ಧವನ್ನು ಗ್ರಾಮೀಣ ರಸ್ತೆಗಳಿಗೆಂದು ಬರೆದಿಟ್ಟಿತ್ತು. ಹೊಸ ಶುಲ್ಕ ಬರುವಾಗಲೂ ಹಳ್ಳಿಯ ರಸ್ತೆಗಳ ಪಾಲನ್ನು ಕಾಯಿದೆಯಲ್ಲೇ ಬರೆಯಬೇಕು. ಅದರಲ್ಲಿ ಒಂದು ಭಾಗವನ್ನು ಹೊಸ ರಸ್ತೆಗಲ್ಲ, ಇದ್ದ ರಸ್ತೆಯ ದುರಸ್ತಿಗೆ ಮೀಸಲಿಡಬೇಕು. ಬದು ಒಡೆದಾಗ ಒಂದು ಬುಟ್ಟಿ ಮಣ್ಣು ಹಾಕಿದರೆ ಸಾಕು. ಬಿಟ್ಟರೆ ಹೊಲವೇ ಕೊಚ್ಚಿಹೋಗುತ್ತದೆ. ರಸ್ತೆಯೂ ಹಾಗೆಯೇ.

ರೈತರು ಗಮನಿಸಬೇಕಾದ ಅಂಶಗಳು

1) ಬ್ಯಾಟರಿ ವಾಹನ ಕೊಳ್ಳುವ ಮೊದಲು ಆ ದಿನ ಜಾರಿಯಲ್ಲಿರುವ ತೆರಿಗೆ ದರವನ್ನು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿರಿ. ಮಾರಾಟಗಾರರ ಬಾಯಿಮಾತನ್ನು ಮಾತ್ರ ನಂಬಬೇಡಿರಿ. ಇಂದಿನ ವಿನಾಯಿತಿ ಮುಂದೆ ಇಲ್ಲದಿರಬಹುದೆಂದು ಎಣಿಸಿಯೇ ಲಾಭನಷ್ಟದ ಲೆಕ್ಕ ಹಾಕಿರಿ.

2) 250 ವ್ಯಾಟ್ ಶಕ್ತಿಯನ್ನೂ ಗಂಟೆಗೆ 25 ಕಿ.ಮೀ. ವೇಗವನ್ನೂ ಮೀರದ ಬ್ಯಾಟರಿ ದ್ವಿಚಕ್ರ ವಾಹನಗಳಿಗೆ ನೋಂದಣಿಯ ಅಗತ್ಯವಿಲ್ಲ. ಅದಕ್ಕಿಂತ ಹೆಚ್ಚಿನವಕ್ಕೆ ನೋಂದಣಿ, ವಿಮೆ ಕಡ್ಡಾಯ.

3) ಪಂಪ್‌ಸೆಟ್ಟಿಗೆ ಕೊಟ್ಟಿರುವ ವಿದ್ಯುತ್ ಲೈನಿನಿಂದ ವಾಹನ ಚಾರ್ಜ್ ಮಾಡಬೇಡಿರಿ. ಅದು ನೀರಾವರಿಗಾಗಿ ಕೊಟ್ಟ ವಿದ್ಯುತ್ತು. ವೋಲ್ಟೇಜಿನ ಏರಿಳಿತದಿಂದ ಚಾರ್ಜರಿಗೂ ಅಪಾಯ. ಮನೆಯಲ್ಲಿ ಭೂಸಂಪರ್ಕ ಸರಿಯಿರುವ ಪ್ಲಗ್ಗಿನಿಂದಲೇ ಚಾರ್ಜ್ ಮಾಡಿರಿ.

4) ಟ್ರ್ಯಾಕ್ಟರಿನ ಡೀಸೆಲ್ ಲೆಕ್ಕವನ್ನು ಒಂದು ಪುಸ್ತಕದಲ್ಲಿ ಬರೆದಿಡಿರಿ: ಹೊಲದ ಕೆಲಸಕ್ಕೆ ಎಷ್ಟು, ಸಾಗಾಣಿಕೆಗೆ ಎಷ್ಟು ಎಂದು ಬೇರೆಬೇರೆಯಾಗಿ. ಇದರಿಂದ ಬೇಸಾಯದ ಖರ್ಚು ತಿಳಿಯುತ್ತದೆ. ನಾಳೆ ವಿನಾಯಿತಿ ಕೇಳುವಾಗ ಕೈಯಲ್ಲಿ ಅಂಕಿ ಇರುತ್ತದೆ.

5) ಟ್ರೈಲರಿಗೆ ಮಿತಿಮೀರಿ ಹೇರಬೇಡಿರಿ. ಕಾಲು ಭಾಗದ ಹೆಚ್ಚಿನ ಭಾರ ರಸ್ತೆಗೆ ಎರಡೂವರೆ ಪಟ್ಟು ಪೆಟ್ಟು.

6) ಗ್ರಾಮಸಭೆಯಲ್ಲಿ ಹೊಸ ರಸ್ತೆಯನ್ನು ಕೇಳುವಂತೆಯೇ ಇರುವ ರಸ್ತೆಯ ದುರಸ್ತಿಯನ್ನೂ ಚರಂಡಿಯನ್ನೂ ಕೇಳಿರಿ. ಮಳೆಗಾಲಕ್ಕೆ ಮುಂಚೆ ಚರಂಡಿ ತೆರೆಸುವುದು ಅತಿ ಕಡಿಮೆ ಖರ್ಚಿನ ರಸ್ತೆ ರಕ್ಷಣೆ.

ಬ್ಯಾಟರಿ ವಾಹನಗಳು ಬರಲಿ. ಅವುಗಳಿಂದ ದೇಶಕ್ಕೂ ರೈತರಿಗೂ ಉಪಯೋಗವಿದೆ. ಅವುಗಳನ್ನು ಕೊಂಡವರನ್ನು ದಂಡಿಸುವ ಮಾತೂ ಇದಲ್ಲ. ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ. ರಸ್ತೆಯನ್ನು ಬಳಸಿದವರೆಲ್ಲ ಬಳಸಿದಷ್ಟಕ್ಕೆ, ಹೊತ್ತ ಭಾರಕ್ಕೆ ತಕ್ಕಂತೆ ತಮ್ಮ ತೆನೆಯನ್ನು ಹಾಕಲಿ. ಹೊಲದಲ್ಲಿ ಉಳುತ್ತಿರುವವನ ಬಳ್ಳದಿಂದ ಮಾತ್ರ ಅದನ್ನು ತುಂಬಿಸುವ ಪದ್ಧತಿ ನಿಲ್ಲಲಿ.